ಸಂತೆಯಲ್ಲಿ ಬಾಯಿ, ಕಚೇರಿಯಲ್ಲಿ ಮೌನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜನರಿಗೆ ವ್ಯವಹಾರದ ಮಾತನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಎತ್ತಿನ ಜೋಡಿ ಕೊಳ್ಳುವಾಗ ಹಲ್ಲು ನೋಡಿ, ನಡಿಗೆ ನೋಡಿ, ಒಮ್ಮೆ ಎದ್ದು ಹೋಗಿ ಮತ್ತೆ ಬಂದು ಕೂತು ದರ ಮುರಿಯುವವರು ಇವರು. ಹತ್ತಿಯನ್ನೋ ಕಡಲೆಯನ್ನೋ ಮಾರಲು ಒಯ್ದರೆ ನಾಲ್ಕು ಅಡತಿ ಅಂಗಡಿ ವಿಚಾರಿಸದೆ ಮಾಲು ಇಳಿಸುವುದಿಲ್ಲ. ಹೊಲವನ್ನು ಲಾವಣಿಗೆ ಕೊಡುವಾಗ, ಮಗಳ ಮದುವೆಯ ಮಾತುಕತೆಗೆ ಕೂತಾಗ, ಯಾವ ಮಾತು ಮೊದಲು, ಯಾವುದು ಕೊನೆಗೆ ಎಂಬುದು ಹಿರಿಯರಿಗೆ ಚೆನ್ನಾಗಿ ಗೊತ್ತು. ಆದರೆ ಅದೇ ಮನೆಯಲ್ಲಿ ಡಿಪ್ಲೊಮಾ, ಐಟಿಐ, ಬಿಕಾಂ ಓದಿದ ಮಗನೋ ಮಗಳೋ ಬೆಳಗಾವಿಯ ಉದ್ಯಮಬಾಗಕ್ಕೆ, ಧಾರವಾಡಕ್ಕೆ, ಪುಣೆಗೆ, ಬೆಂಗಳೂರಿಗೆ ನೌಕರಿಗೆ ಹೋದಾಗ ಈ ಜಾಣ್ಮೆ ಎಲ್ಲೋ ಉಳಿದುಬಿಡುತ್ತದೆ. ಮುಂದಿಟ್ಟ ಕಾಗದಕ್ಕೆ ಸಹಿ ಹಾಕುತ್ತಾರೆ, ಹೇಳಿದ ಪಗಾರಕ್ಕೆ ತಲೆಯಾಡಿಸುತ್ತಾರೆ, ಆಮೇಲೆ ವರ್ಷಗಟ್ಟಲೆ ಗೆಳೆಯರ ಮುಂದೆ ಗೊಣಗುತ್ತಾರೆ. ಸಂತೆಯಲ್ಲಿ ದರ ಕೇಳುವುದು ಜಾಣತನವಾದರೆ ಕಚೇರಿಯಲ್ಲಿ ಅದು ಉದ್ಧಟತನ ಹೇಗಾದೀತು? ಗೌರವದಿಂದ, ತಯಾರಿಯಿಂದ ಕೇಳುವ ಮಾತು ಯಾವ ಸಂಬಂಧವನ್ನೂ ಕೆಡಿಸುವುದಿಲ್ಲ. ಕೇಳದೆ ನುಂಗಿದ ಅಸಮಾಧಾನವೇ ನೌಕರಿಯನ್ನೂ ಸಂಬಂಧವನ್ನೂ ಒಳಗೊಳಗೇ ತಿನ್ನುತ್ತದೆ. ಇದನ್ನು ದೂರದ ಪುಸ್ತಕಗಳಿಗಿಂತ ಮೊದಲು ಈ ನೆಲದ ಅನುಭವದಿಂದಲೇ ತೋರಿಸಬಹುದು.

ನಮ್ಮ ಒಕ್ಕಲುತನದಲ್ಲಿ ವರ್ಷದ ಆಳನ್ನು ಗೊತ್ತು ಮಾಡುವ ಪದ್ಧತಿಯನ್ನೇ ನೋಡಿ. ಯುಗಾದಿಯ ಸುಮಾರಿಗೆ ಮಾತು ಮುಗಿಯುತ್ತಿತ್ತು. ಆ ಮಾತು ಬರೀ ರೊಕ್ಕದ ಮೇಲೆ ನಿಲ್ಲುತ್ತಿರಲಿಲ್ಲ. ಇಷ್ಟು ರೊಕ್ಕ, ಇಷ್ಟು ಜೋಳ, ಬಟ್ಟೆ, ಕಾಲಿಗೆ ಚಪ್ಪಲಿ, ಹೊದೆಯಲು ಕಂಬಳಿ, ಹಬ್ಬಕ್ಕೆ ರಜೆ, ಮನೆಯ ಕಾರ್ಯಕ್ಕೆ ಮುಂಗಡ ಎಂದು ಹತ್ತು ಸಂಗತಿಗಳು ಒಟ್ಟಿಗೆ ಮಾತಿಗೆ ಬರುತ್ತಿದ್ದವು. ರೊಕ್ಕದಲ್ಲಿ ಬಿಗಿ ಹಿಡಿದವನು ಜೋಳದಲ್ಲಿ ಸಡಿಲ ಬಿಡುತ್ತಿದ್ದ. ಆ ಪದ್ಧತಿಯಲ್ಲಿ ಅನ್ಯಾಯವೂ ಸಾಕಷ್ಟಿತ್ತು. ಮುಂಗಡದ ಋಣ ಎಷ್ಟೋ ಕುಟುಂಬಗಳನ್ನು ಜೀತಕ್ಕೆ ಕಟ್ಟಿಹಾಕಿತು, ಅದನ್ನು ಕಾನೂನಿನಿಂದ ನಿಲ್ಲಿಸಬೇಕಾಯಿತು. ಆದರೂ ದುಡಿಮೆಯ ಮಾತಿನಲ್ಲಿ ಪಗಾರವೊಂದೇ ಇರುವುದಿಲ್ಲ ಎಂಬ ತಿಳಿವಳಿಕೆ ಅಲ್ಲಿತ್ತು. ಇಂದಿನ ನೌಕರಿಗೂ ಅದು ಹೊಂದುತ್ತದೆ. ಕೆಲಸದ ವೇಳೆ, ಪಾಳಿ, ಊರಿಗೆ ಹತ್ತಿರದ ಶಾಖೆ, ಹೊಸ ಯಂತ್ರದ ತರಬೇತಿ, ಹುದ್ದೆಯ ಹೆಸರು, ಆರು ತಿಂಗಳಿಗೆ ಪಗಾರದ ಮರುಪರಿಶೀಲನೆ ಎಲ್ಲವೂ ಮಾತಿಗೆ ಬರುವ ಸಂಗತಿಗಳೇ. ಒಂದೇ ಅಂಕಿಯ ಮೇಲೆ ಇಬ್ಬರೂ ಜಗ್ಗಾಡಿದರೆ ಒಬ್ಬರು ಸೋಲಲೇಬೇಕು. ಹಲವು ಸಂಗತಿಗಳು ಮುಂದಿದ್ದರೆ ಇಬ್ಬರಿಗೂ ಏನಾದರೂ ದಕ್ಕುತ್ತದೆ. ದನದ ಸಂತೆಯಲ್ಲಿ ದಲಾಲಿಯು ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ಪದ್ಧತಿಯಲ್ಲೂ ಒಂದು ವಿವೇಕವಿದೆ. ಎಷ್ಟಕ್ಕೆ ಕೇಳಿದರು, ಎಷ್ಟಕ್ಕೆ ಇಳಿದರು ಎಂಬುದು ಸುತ್ತ ನಿಂತವರಿಗೆ ತಿಳಿಯದು, ಆದ್ದರಿಂದ ಯಾರ ಮರ್ಯಾದೆಯೂ ಹೋಗದು. ನಾಲ್ವರ ಎದುರು ಮೇಲಧಿಕಾರಿಯನ್ನು ಪಗಾರದ ಬಗ್ಗೆ ಕೇಳಿದರೆ ಅವರು ಬಿಗಿಯಾಗುವುದು ಸಹಜ. ಅದೇ ಮಾತನ್ನು ಬೇರೆ ಕೂತು ಆಡಿದರೆ ಹಿಂದೆ ಸರಿಯಲು ಇಬ್ಬರಿಗೂ ದಾರಿ ಇರುತ್ತದೆ.

ಕೇಳುವುದರಿಂದ ನಿಜವಾಗಿ ಲಾಭವಿದೆಯೇ? ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಲಿಂಡಾ ಬಾಬ್‌ಕಾಕ್ ಅಲ್ಲಿನ ಸ್ನಾತಕೋತ್ತರ ಪದವೀಧರರ ಮೊದಲ ನೌಕರಿಯನ್ನು ಅಧ್ಯಯನ ಮಾಡಿದರು. ಕಂಪನಿ ಹೇಳಿದ ಪಗಾರಕ್ಕಿಂತ ಹೆಚ್ಚು ಕೇಳಿದವರು ಗಂಡಸರಲ್ಲಿ ಶೇ 57, ಹೆಂಗಸರಲ್ಲಿ ಕೇವಲ ಶೇ 7. ಕೇಳಿದವರಿಗೆ ಸರಾಸರಿ ಶೇ 7ಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತ್ತು. ಸಾರಾ ಲಾಶೆವರ್ ಜೊತೆ ಅವರು 2003ರಲ್ಲಿ ಪ್ರಕಟಿಸಿದ ಪುಸ್ತಕ ಈ ಅಂಕಿಗಳನ್ನು ಲೋಕಕ್ಕೆ ಪರಿಚಯಿಸಿತು. ಶೇ 7 ಎಂದರೆ ಎಷ್ಟು ಮಹಾ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಒಬ್ಬರು ತಿಂಗಳಿಗೆ 20,000 ರೂಪಾಯಿಗೆ ಸೇರಿದರು, ಇನ್ನೊಬ್ಬರು ಕೇಳಿ 21,500ಕ್ಕೆ ಸೇರಿದರು ಎನ್ನೋಣ. ಇಬ್ಬರಿಗೂ ಪ್ರತಿ ವರ್ಷ ಶೇ 8ರಷ್ಟು ಏರಿಕೆ ಸಿಕ್ಕರೆ ಹತ್ತು ವರ್ಷಗಳಲ್ಲಿ ಅವರ ನಡುವಿನ ಅಂತರ ಒಟ್ಟು ಸುಮಾರು 2 ಲಕ್ಷ 60 ಸಾವಿರ ರೂಪಾಯಿ ಆಗುತ್ತದೆ. ಭವಿಷ್ಯ ನಿಧಿಯ ಕಂತು, ಮುಂದಿನ ಕಂಪನಿಯವರು ಕೇಳುವ 'ಈಗಿನ ಪಗಾರ ಎಷ್ಟು' ಎಂಬ ಪ್ರಶ್ನೆಯ ಉತ್ತರ, ಬ್ಯಾಂಕಿನವರು ಕೊಡುವ ಮನೆ ಸಾಲದ ಮೊತ್ತ, ಎಲ್ಲಕ್ಕೂ ಆ ಮೊದಲ ಅಂಕಿಯೇ ಬುನಾದಿ. ಹತ್ತು ನಿಮಿಷದ ಮಾತಿಗೆ ಹೆದರಿ ಇಷ್ಟನ್ನು ಬಿಟ್ಟುಕೊಡುವುದು ವಿನಯವೆನಿಸದು.

ಆದರೆ ಕೇಳುವುದೆಂದರೆ ಬಾಯಿಗೆ ಬಂದ ಅಂಕಿ ಹೇಳುವುದಲ್ಲ. ಯಾವ ಅಂಕಿ, ಯಾವ ಆಧಾರದ ಮೇಲೆ ಎಂಬುದು ಮುಖ್ಯ. ಬೆಳಗಾವಿ ಜಿಲ್ಲೆಯಲ್ಲಿ ಇದಕ್ಕೆ ಕಬ್ಬಿನ ದರದಷ್ಟು ಒಳ್ಳೆಯ ಉದಾಹರಣೆ ಇಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ದರ, ಟನ್ನಿಗೆ 3,550 ರೂಪಾಯಿ. ಆದರೂ 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ರೈತರು ಕೇಳಿದ್ದು 3,500. ಹೊರಗಿನವರಿಗೆ ಇದು ವಿಚಿತ್ರವೆನಿಸುತ್ತದೆ, ನಿಗದಿಯಾದದ್ದಕ್ಕಿಂತ ಕಡಿಮೆ ಕೇಳಲು ಹೋರಾಟವೇಕೆ? ರೈತರಿಗೆ ಅದರ ಮರ್ಮ ಗೊತ್ತಿತ್ತು. ಎಫ್‌ಆರ್‌ಪಿ ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಹೇಳುವ ದರ. ಅದರಲ್ಲಿ ಕಟಾವು ಮತ್ತು ಸಾಗಣೆಯ ಖರ್ಚು ಕಳೆದ ಮೇಲೆ ಕೈಗೆ ಬರುವುದು ಬೇರೆ. ರೈತರು ಮಾತಾಡುತ್ತಿದ್ದದ್ದು ಕೈಗೆ ಬರುವ ರೊಕ್ಕದ ಬಗ್ಗೆ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತ ಮುಖಂಡರು ಮತ್ತು ಕಾರ್ಖಾನೆ ಮಾಲೀಕರ ಜೊತೆ ಸಭೆ ನಡೆಸಿದ ಮೇಲೆ ಶೇ 11.25 ಇಳುವರಿಯ ಕಬ್ಬಿಗೆ ಕಟಾವು, ಸಾಗಣೆ ಬಿಟ್ಟು 3,300 ರೂಪಾಯಿ ಎಂದು ಪ್ರಕಟವಾಯಿತು. ಜಿಲ್ಲಾಡಳಿತದ ಮಟ್ಟದಲ್ಲಿ 3,200ಕ್ಕೆ ನಿಂತಿದ್ದ ಮಾತು ಮುಂದೆ ಹೋದದ್ದು ಕಾರ್ಖಾನೆಗಳು 50, ಸರ್ಕಾರ 50 ರೂಪಾಯಿ ಸೇರಿಸಲು ಒಪ್ಪಿದ್ದರಿಂದ.

ನೌಕರಿ ಮಾಡುವವರಿಗೆ ಇದರಲ್ಲಿ ನೇರ ಪಾಠಗಳಿವೆ. ಕಂಪನಿಗಳು ಹೇಳುವ ಸಿಟಿಸಿ ಎಂಬ ವಾರ್ಷಿಕ ಮೊತ್ತ ಎಫ್‌ಆರ್‌ಪಿ ಇದ್ದ ಹಾಗೆಯೇ. ಅದರಲ್ಲಿ ಮಾಲೀಕರ ಪಾಲಿನ ಭವಿಷ್ಯ ನಿಧಿ, ಗ್ರಾಚ್ಯುಟಿ, ವಿಮೆ, ಸಿಕ್ಕರೂ ಸಿಗಬಹುದಾದ ಬೋನಸ್ ಎಲ್ಲ ಸೇರಿರುತ್ತದೆ. ತಿಂಗಳ ಕೊನೆಗೆ ಖಾತೆಗೆ ಬೀಳುವುದೆಷ್ಟು ಎಂದು ಕೇಳದೆ ಒಪ್ಪಿದವರು ಮೊದಲ ಪಗಾರದ ದಿನವೇ ಮನಸ್ಸು ಕೆಡಿಸಿಕೊಳ್ಳುತ್ತಾರೆ. ಎರಡನೆಯದು, ಇಬ್ಬರೂ ಒಪ್ಪುವ ಅಳತೆಗೋಲು ಇದ್ದರೆ ಮಾತು ಜಗಳಕ್ಕೆ ತಿರುಗುವುದಿಲ್ಲ. ಹಾರ್ವರ್ಡ್‌ನ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ ಪ್ರಸಿದ್ಧ ಪುಸ್ತಕದ ಮುಖ್ಯ ಮಾತುಗಳಲ್ಲಿ ಇದೂ ಒಂದು. 'ನನಗೆ ಸಾಲುತ್ತಿಲ್ಲ' ಎಂದರೆ ಎದುರಿನವರು 'ನನಗೂ ಸಾಲುತ್ತಿಲ್ಲ' ಎನ್ನುತ್ತಾರೆ. 'ಇದೇ ಕೆಲಸಕ್ಕೆ, ಇಷ್ಟೇ ಅನುಭವಕ್ಕೆ ಈ ಊರಿನಲ್ಲಿ ಇಷ್ಟು ನಡೆಯುತ್ತಿದೆ, ಕಳೆದ ವರ್ಷ ನಾನು ವಹಿಸಿಕೊಂಡ ಹೊಸ ಜವಾಬ್ದಾರಿಗಳು ಇವು' ಎಂದರೆ ಅವರು ಆ ಅಂಕಿಗಳಿಗೆ ಉತ್ತರ ಕೊಡಬೇಕಾಗುತ್ತದೆ. ಮೂರನೆಯದು, ಮಾತು ನಿಂತಾಗ ಅಂತರ ತುಂಬುವ ಇನ್ನೊಂದು ದಾರಿ ಹುಡುಕಬೇಕು. ವಿಭಾಗದ ಮುಖ್ಯಸ್ಥರ ಕೈಯಲ್ಲಿ ಪಗಾರ ಹೆಚ್ಚಿಸುವ ಅಧಿಕಾರ ಇಲ್ಲದಿರಬಹುದು. ತರಬೇತಿಯ ಖರ್ಚು, ಪ್ರಯಾಣ ಭತ್ಯೆ, ಪಾಳಿಯ ಅನುಕೂಲ ಅವರ ಕೈಯಲ್ಲೇ ಇರಬಹುದು.

ತಯಾರಿಯಷ್ಟೇ ಬಲ ಕೊಡುವುದು ಇನ್ನೊಂದು ಬಾಗಿಲು. ಕೊಳ್ಳುವವನು ಒಬ್ಬನೇ ಇದ್ದರೆ ಮಾರುವವನ ಮಾತಿಗೆ ಬೆಲೆಯಿಲ್ಲ ಎಂಬುದನ್ನು ನಮ್ಮ ಮಾರುಕಟ್ಟೆಗಳೇ ತೋರಿಸಿವೆ. 2014ರಿಂದ ಕರ್ನಾಟಕದ ಎಪಿಎಂಸಿಗಳು ಒಂದೊಂದಾಗಿ ಏಕೀಕೃತ ಆನ್‌ಲೈನ್ ಟೆಂಡರ್ ವ್ಯವಸ್ಥೆಗೆ ಸೇರಿದವು. ಅದರ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭತ್ತದ ದರ ಶೇ 5.1, ಶೇಂಗಾ ಶೇ 3.6, ಗೋವಿನಜೋಳ ಶೇ 3.5ರಷ್ಟು ಹೆಚ್ಚಾಯಿತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವ ಲಾಭ ಆಗಲಿಲ್ಲ. ಮಾರುಕಟ್ಟೆಯಲ್ಲಿ ಎಷ್ಟು ಕೊಳ್ಳುವವರಿದ್ದಾರೆ, ಟೆಂಡರು ಹೇಗೆ ನಡೆಯುತ್ತದೆ, ಮಾಲಿನ ಗುಣಮಟ್ಟದಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದರ ಮೇಲೆ ಫಲ ನಿಂತಿತ್ತು. ದುಡಿಮೆಗೂ ಇದೇ ಮಾತು ಅನ್ವಯಿಸುತ್ತದೆ. ಇನ್ನೊಂದು ಕಂಪನಿಯ ಕರೆ ಕೈಯಲ್ಲಿದ್ದವರ ದನಿ ತಾನಾಗಿ ಗಟ್ಟಿಯಾಗುತ್ತದೆ. ಅದನ್ನು ಬೆದರಿಕೆಯಾಗಿ ಬಳಸಬೇಕಾಗಿಲ್ಲ. ಬಿಟ್ಟು ಹೋದರೂ ಮನೆ ನಡೆಯುತ್ತದೆ ಎಂಬ ಧೈರ್ಯವೇ ಮಾತಿನಲ್ಲಿ ಸಮಾಧಾನ ತರುತ್ತದೆ. ಅಂಥ ಕರೆ ಇಲ್ಲದವರು ಹೊಸ ಕೌಶಲ ಕಲಿಯುವುದು, ನಾಲ್ಕು ತಿಂಗಳ ಖರ್ಚನ್ನು ಕೂಡಿಡುವುದು, ಬೇರೆಡೆ ಇರುವ ಸಹಪಾಠಿಗಳ ಸಂಪರ್ಕ ಉಳಿಸಿಕೊಳ್ಳುವುದು, ಇವೆಲ್ಲ ಮಾತುಕತೆಯ ತಯಾರಿಯೇ.

ಮಾತು ಮುಗಿದ ಮೇಲಿನ ಎಚ್ಚರವನ್ನು ಕಿತ್ತೂರಿನ ಇತಿಹಾಸವೇ ಕಲಿಸುತ್ತದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ಆತನ ದತ್ತಕವನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ರಾಣಿ ಚೆನ್ನಮ್ಮ ಮೊದಲು ಹಿಡಿದದ್ದು ಪತ್ರದ ದಾರಿ. ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಆಕೆ ಮನವಿ ಕಳಿಸಿದಳು. ಅದು ಫಲಿಸಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ, ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಯಾದರು. ಇವರನ್ನು ಬಿಟ್ಟರೆ ಯುದ್ಧ ನಿಲ್ಲುತ್ತದೆ ಎಂಬ ಕಮಿಷನರ್ ಚಾಪ್ಲಿನ್‌ನ ಭರವಸೆಯನ್ನು ನಂಬಿ ರಾಣಿ ಅವರನ್ನು ಬಿಡುಗಡೆ ಮಾಡಿದಳು ಎಂದು ಇತಿಹಾಸಕಾರರು ಬರೆದಿದ್ದಾರೆ. ಡಿಸೆಂಬರ್ ಮೊದಲ ವಾರದಲ್ಲೇ ದೊಡ್ಡ ಪಡೆ ಕಿತ್ತೂರನ್ನು ಮುತ್ತಿತು, ಕೋಟೆ ಬಿದ್ದಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದಳು. ಸಂಗೊಳ್ಳಿಯ ರಾಯಣ್ಣ ಹೋರಾಟ ಮುಂದುವರಿಸಿ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಆ ಬಲಿದಾನವನ್ನು ಪಗಾರದ ಮಾತಿಗೆ ಹೋಲಿಸುವುದು ಸಲ್ಲದು. ಆದರೂ ಆ ಡಿಸೆಂಬರಿನಿಂದ ಕಲಿಯಬೇಕಾದ ಒಂದು ಎಚ್ಚರವಿದೆ. ಎದುರಿನವರು ತಮ್ಮ ಮಾತು ನಡೆಸುವ ಮೊದಲೇ ನಮ್ಮ ಕೈಯಲ್ಲಿದ್ದ ಬಲವನ್ನು ಬಿಟ್ಟುಕೊಡಬಾರದು. 'ಆರು ತಿಂಗಳು ತಡಿ, ಏರಿಸೋಣ' ಎಂಬ ಬಾಯಿಮಾತನ್ನು ನಂಬಿ ಇನ್ನೊಂದು ಕಂಪನಿಯ ಕರೆಯನ್ನು ತಿರಸ್ಕರಿಸುವ ಮುನ್ನ ಅದು ಕಾಗದದ ಮೇಲೆ ಬರಲಿ. ಕಾಗದ ಕೇಳಲು ಸಂಕೋಚವಾದರೆ ಅದೇ ಸಂಜೆ 'ಇವತ್ತು ನಾವು ಮಾತಾಡಿದ್ದು ಹೀಗೆ, ಸಮಯ ಕೊಟ್ಟದ್ದಕ್ಕೆ ಧನ್ಯವಾದ' ಎಂದು ಒಂದು ಇಮೇಲ್ ಕಳಿಸಿದರೆ ಸಾಕು. ಅದು ಅಪನಂಬಿಕೆಯ ಗುರುತಾಗುವುದಿಲ್ಲ, ಇಬ್ಬರ ನೆನಪಿಗೂ ಆಧಾರವಾಗುತ್ತದೆ.

ಇಷ್ಟು ಹೇಳಿದರೂ 'ಕೇಳಿದರೆ ಸಂಬಂಧ ಹಾಳು' ಎಂಬ ಅಳುಕು ಉಳಿಯುತ್ತದೆ. ಸಂತೆಯ ವ್ಯಾಪಾರಿಯನ್ನು ನಾಳೆ ನೋಡಬೇಕೆಂದಿಲ್ಲ, ಮೇಲಧಿಕಾರಿಯ ಮುಖವನ್ನು ದಿನಾ ನೋಡಬೇಕು. ಈ ವ್ಯತ್ಯಾಸ ನಿಜ. ಅದಕ್ಕಾಗಿಯೇ ನೌಕರಿಯ ಮಾತಿನಲ್ಲಿ ಹುಸಿ ಅಂಕಿ, ಹುಸಿ ಬೆದರಿಕೆ ನಡೆಯುವುದಿಲ್ಲ. ಆದರೆ ಮೌನವಾಗಿದ್ದರೆ ಸಂಬಂಧ ಉಳಿಯುತ್ತದೆ ಎಂಬುದು ಭ್ರಮೆ. ಮಲಪ್ರಭಾ ನೀರಾವರಿ ಪ್ರದೇಶದ ಸವದತ್ತಿ, ನವಲಗುಂದ, ನರಗುಂದ ಭಾಗದ ರೈತರು ಬೆಟರ್‌ಮೆಂಟ್ ಲೆವಿ ಎಂಬ ಸುಧಾರಣಾ ಕರದ ಭಾರದ ಬಗ್ಗೆ ಮೊದಲು ಮನವಿಗಳನ್ನೇ ಕೊಟ್ಟಿದ್ದರು. ಕೇಳುವ ಕಿವಿ ಸಿಗಲಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರು ನಡೆದು ಜೀವಗಳು ಹೋದವು. ಆಮೇಲೆ ಸರ್ಕಾರ ರಿಯಾಯಿತಿಗಳನ್ನು ಘೋಷಿಸಿತು. ಮೊದಲೇ ಕೂತು ಆಡಬಹುದಾಗಿದ್ದ ಮಾತನ್ನು ಸಾವಿನ ನಂತರ ಆಡಬೇಕಾಯಿತು. ಕಚೇರಿಯಲ್ಲಿ ಇಂಥ ದುರಂತ ಆಗದಿರಬಹುದು. ಆದರೂ ತಡೆದಿಟ್ಟ ಅಸಮಾಧಾನ ಅಲ್ಲಿಯೂ ಒಂದಿಲ್ಲೊಂದು ದಾರಿಯಲ್ಲಿ ಹೊರಬರುತ್ತದೆ. ಕೆಲಸದಲ್ಲಿ ಉದಾಸೀನ, ಸಹೋದ್ಯೋಗಿಯ ಮೇಲೆ ಸಿಡುಕು, ಒಂದು ದಿನ ದಿಢೀರನೆ ರಾಜೀನಾಮೆ. 'ಸರ, ನಿಮ್ಮ ಜೋಡಿ ಒಂದ್ಹತ್ತು ನಿಮಿಷ ಮಾತಾಡೋದೈತಿ, ಯಾವಾಗ ಬರ್ಲಿ?' ಎಂದು ಮೊದಲೇ ಕೇಳಿದ್ದರೆ ಆ ರಾಜೀನಾಮೆ ತಪ್ಪುತ್ತಿತ್ತು. ಸಹೋದ್ಯೋಗಿಗಳ ನಡುವೆಯೂ ಇದೇ ನಿಯಮ. ಯಾವಾಗಲೂ ಒಬ್ಬರ ಮೇಲೆಯೇ ಹಬ್ಬದ ಪಾಳಿ ಬೀಳುತ್ತಿದ್ದರೆ 'ಈ ದೀಪಾವಳಿ ನೀವು ಮಾಡ್ರಿ, ಯುಗಾದಿ ನಾ ಮಾಡ್ತೀನಿ' ಎನ್ನುವುದು ಒಳ್ಳೆಯ ಸಂಧಾನ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬಲವಿದ್ದವರಿಗೆ ಇದೆಲ್ಲ ಸರಿ, ಗುತ್ತಿಗೆ ಕಾರ್ಮಿಕರು, ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರುಗಳಲ್ಲಿ ಇನ್ನೊಬ್ಬರ ನೂಲಿಗೆ ಮಜೂರಿ ಪಡೆದು ನೇಯುವವರು, ಹೊಲದ ಕೂಲಿಯವರು ಏನು ಕೇಳಿಯಾರು? ಒಬ್ಬರೇ ಕೇಳಿದರೆ 'ನೀನಿಲ್ಲದಿದ್ದರೆ ಇನ್ನೊಬ್ಬ' ಎಂಬ ಉತ್ತರ ಸಿದ್ಧವಿರುತ್ತದೆ. ಈ ಮಾತನ್ನು ಒಪ್ಪಲೇಬೇಕು. ವ್ಯಕ್ತಿಯ ಜಾಣ್ಮೆಗೆ ಮಿತಿ ಇದೆ, ಆ ಮಿತಿ ಮುಗಿದಲ್ಲಿ ಒಗ್ಗಟ್ಟಿನ ಮಾತು ಶುರುವಾಗಬೇಕು. ಗುರ್ಲಾಪುರದಲ್ಲಿ ಒಬ್ಬೊಬ್ಬ ರೈತರೇ ಕಾರ್ಖಾನೆಯ ಬಾಗಿಲಿಗೆ ಹೋಗಿದ್ದರೆ ನೂರು ರೂಪಾಯಿಯೂ ಏರುತ್ತಿರಲಿಲ್ಲ. ಪಗಾರ ನಿಗದಿಯಾದ ಸರ್ಕಾರಿ ನೌಕರಿಯಲ್ಲಿ ಮಾತುಕತೆಗೆ ಜಾಗವೆಲ್ಲಿ ಎನ್ನುವವರಿಗೂ ಇದೇ ಉತ್ತರ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದಾಗ ಅದೇ ದಿನ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾಗಿ ಮುಷ್ಕರ ಹಿಂದೆ ಸರಿಯಿತು. 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸು ಜಾರಿಗೆ ಬಂತು. 2025ರ ನವೆಂಬರ್ 21ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಮಾಲೀಕರು ಮಾತುಕತೆಯ ಏಕೈಕ ಪ್ರತಿನಿಧಿಯೆಂದು ಒಪ್ಪಬೇಕು. ಹಲವು ಸಂಘಗಳಿರುವ ಕಡೆ ಈ ಮಿತಿ ಸಣ್ಣ ಸಂಘಗಳ ದನಿ ಕುಗ್ಗಿಸೀತು ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕಾಗಿ ಕಾರ್ಮಿಕರು ತಮ್ಮ ನಡುವಿನ ಮಾತುಕತೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕಾಗಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ 'ಧೈರ್ಯವಾಗಿ ಕೇಳಿ' ಎಂದು ಉಪದೇಶಿಸಿ ಸುಮ್ಮನಾಗುವುದು ಅನ್ಯಾಯ. ಹೆಚ್ಚು ಪಗಾರ ಕೇಳಿದ ಹೆಂಗಸರನ್ನು ಜನ ಗಂಡಸರಿಗಿಂತ ಹೆಚ್ಚು ಕಟುವಾಗಿ ಅಳೆಯುತ್ತಾರೆ ಎಂದು ಹನ್ನಾ ರೈಲಿ ಬೌಲ್ಸ್ ಮತ್ತು ಸಂಗಡಿಗರ ಪ್ರಯೋಗಗಳು 2007ರಲ್ಲೇ ತೋರಿಸಿದವು. ಇತ್ತೀಚೆಗೆ ಲಾರಾ ಕ್ರೇ ಮತ್ತು ಸಂಗಡಿಗರು ಅಮೆರಿಕದ ಎಂಬಿಎ ಪದವೀಧರರಲ್ಲಿ ನಡೆಸಿದ ಅಧ್ಯಯನದಲ್ಲಿ ಹೆಂಗಸರೇ ಗಂಡಸರಿಗಿಂತ ಹೆಚ್ಚಾಗಿ ಕೇಳುತ್ತಿರುವುದು ಕಂಡಿತು. ಅವರಿಗೆ ಇಲ್ಲ ಎನಿಸಿಕೊಳ್ಳುವ ಪ್ರಸಂಗವೂ ಹೆಚ್ಚು. ಅಂದರೆ ಹೆಣ್ಣಿಗೆ ಕೇಳಲು ಬಾರದು ಎಂಬ ದೂರಿಗೆ ಈಗ ಆಧಾರವಿಲ್ಲ. ಅಡ್ಡಿ ಇರುವುದು ಕೇಳಿಸಿಕೊಳ್ಳುವವರ ಕಡೆ. ಆಂಡ್ರಿಯಾಸ್ ಲೈಬ್ರಾಂಟ್ ಮತ್ತು ಜಾನ್ ಲಿಸ್ಟ್ ನಡೆಸಿದ ಪ್ರಯೋಗ ಇದಕ್ಕೊಂದು ಸುಲಭದ ಮದ್ದನ್ನೂ ತೋರಿಸಿದೆ. ನೌಕರಿಯ ಜಾಹೀರಾತಿನಲ್ಲಿ ಪಗಾರದ ಬಗ್ಗೆ ಮಾತಾಡಬಹುದು ಎಂದು ಸ್ಪಷ್ಟವಾಗಿ ಬರೆದಾಗ ಕೇಳುವ ವಿಷಯದಲ್ಲಿ ಹೆಣ್ಣು ಗಂಡಿನ ಅಂತರ ಮಾಯವಾಯಿತು. ಒಂದು ಸಾಲು ಬರೆಯಲು ಯಾವ ಕಾರ್ಖಾನೆಗೂ, ಆಸ್ಪತ್ರೆಗೂ, ಖಾಸಗಿ ಶಾಲೆಗೂ ಖರ್ಚಿಲ್ಲ.

ಆದ್ದರಿಂದ ಈ ಭಾಗದ ಮಾಲೀಕರು, ಆಡಳಿತ ಮಂಡಳಿಗಳು, ಮೇಲಧಿಕಾರಿಗಳಲ್ಲಿ ಒಂದು ವಿನಂತಿ. ಕೇಳಲು ಬಂದವರನ್ನು ದುರಾಸೆಯವರೆಂದು ತಿಳಿಯಬೇಡಿ. ನಿಮ್ಮಲ್ಲೇ ಉಳಿಯುವ ಮನಸ್ಸಿರುವುದರಿಂದಲೇ ಅವರು ನಿಮ್ಮ ಮುಂದೆ ಬಂದು ಕೂತಿದ್ದಾರೆ, ಹೋಗಬೇಕೆಂದವರು ಮಾತಾಡದೆ ಹೋಗುತ್ತಾರೆ. ಕೊಡಲಾಗದಿದ್ದರೆ ಕಾರಣ ಹೇಳಿ, ಯಾವಾಗ ಆದೀತು ಎಂದು ತಿಳಿಸಿ. ನೌಕರಿಗೆ ಹೊರಟಿರುವ ತರುಣ ತರುಣಿಯರಿಗೂ ಒಂದು ಮಾತು. ನಿಮ್ಮ ಅಪ್ಪ ಸಂತೆಗೆ ಹೋಗುವ ಮುನ್ನ ಮೂರು ಊರಿನ ದರ ವಿಚಾರಿಸುವುದನ್ನು, ನಿಮ್ಮ ಅವ್ವ ಸೀರೆ ಅಂಗಡಿಯಲ್ಲಿ ಗೌರವ ಬಿಡದೆ ದರ ಇಳಿಸುವುದನ್ನು ನೀವು ಕಂಡೇ ಬೆಳೆದಿದ್ದೀರಿ. ಆ ವಿದ್ಯೆಯನ್ನು ನೌಕರಿಗೂ ಒಯ್ಯಿರಿ. ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮನೆಯವರ ಎದುರು ಒಮ್ಮೆ ಆಡಿ ನೋಡಿ, ಸಮಯ ಕೇಳಿ ಹೋಗಿ, ನಿಮ್ಮ ಮಾತು ಮುಗಿದ ಮೇಲೆ ಸುಮ್ಮನೆ ಕೂತು ಅವರ ಮಾತು ಕೇಳಿ, ಒಪ್ಪಿದ್ದನ್ನು ಕಾಗದದ ಮೇಲೆ ತನ್ನಿ. ಇಲ್ಲ ಎಂಬ ಉತ್ತರ ಬಂದರೂ ಕಳೆದುಕೊಂಡದ್ದೇನೂ ಇರುವುದಿಲ್ಲ. ಮುಂದಿನ ಸಲ ಯಾವ ಬಾಗಿಲು ತಟ್ಟಬೇಕೆಂದು ತಿಳಿದಿರುತ್ತದೆ.